ದೀಪ ಹಚ್ಚಿದ ಮೇಲೆ ಹೆಪ್ಪು

ನಮ್ಮ ಶಾಲೆಯ ಹಿಂದಿನ ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇದೆ. ಜಯನಗರದ ಮುಕ್ಕಾಲು ಪಾಲು ಇಸ್ತ್ರಿಯವರು ಗ್ಯಾಸಿಗೋ ಕರೆಂಟಿಗೋ ಬದಲಾದರೂ ಈ ಮನುಷ್ಯ ಮಾತ್ರ ಇನ್ನೂ ಕೆಂಡವನ್ನೇ ನಂಬಿಕೊಂಡಿದ್ದಾನೆ. ಮೊನ್ನೆ ಸಂಜೆ ನಾನು ಬಸ್ಸಿಗೆಂದು ಅವಸರದಲ್ಲಿ ಹೋಗುತ್ತಿದ್ದೆ. ಅವನು ಅವತ್ತಿನ ಕೆಲಸ ಮುಗಿಸಿ, ಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ಮೋರಿಯ ಪಕ್ಕ ಸುರಿದು ಮೇಲೊಂದು ಚೊಂಬು ನೀರು ಹೊಯ್ದ. ಚುಂಯ್ ಎಂದು ಹಬೆ ಎದ್ದಿತು. ಹಬೆಯ ಹಿಂದೆಯೇ ಒದ್ದೆ ಇದ್ದಿಲಿನ ವಾಸನೆ ಬಂತು. ನನ್ನ ಕಾಲು ಅಲ್ಲಿಯೇ ನಿಂತುಬಿಟ್ಟಿತು, ಬಸ್ಸು ಹೋಯಿತು.

“ಏನ್ ಮೇಡಂ, ಬಟ್ಟೆ ಇತ್ತಾ?” ಎಂದು ಅವನು ಕೇಳಿದ.

“ಇಲ್ಲಪ್ಪ, ಸುಮ್ನೆ” ಎಂದೆ. ಮೋರಿಯ ಪಕ್ಕ ಸುಮ್ಮನೆ ನಿಂತು ಮೂಗರಳಿಸುವ ಕನ್ನಡ ಟೀಚರನ್ನು ಅವನು ಏನೆಂದುಕೊಂಡನೋ, ದೇವರಿಗೇ ಗೊತ್ತು.

ಬಾಲ್ಯವನ್ನು ನೆನೆಯುವವರಿಗೆಲ್ಲ ಒಂದೊಂದು ಪರಿಮಳ ಇರುತ್ತದೆ, ನೀವೂ ಓದಿರುತ್ತೀರಿ. ಒಬ್ಬರಿಗೆ ಅಜ್ಜಿಯ ಮನೆಯ ತುಪ್ಪ, ಇನ್ನೊಬ್ಬರಿಗೆ ಹಿತ್ತಲ ಮಲ್ಲಿಗೆ. ನನ್ನ ಪಾಲಿಗೆ ಬಂದದ್ದು ಒದ್ದೆ ಇದ್ದಿಲು. ಅಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಊದುಬತ್ತಿ ಎಂದೊಡನೆ ನಿಮಗೆ ದೇವರ ಮನೆಯ ಘಮ ನೆನಪಾಗಿದ್ದರೆ ಕ್ಷಮಿಸಿ. ಆ ಘಮ ಸೇರುವುದು ಆಮೇಲೆ, ಬೇರೆ ಎಲ್ಲೋ, ಕಾರ್ಖಾನೆಯಲ್ಲಿ. ನಮ್ಮ ಮನೆಗೆ ಬರುತ್ತಿದ್ದದ್ದು ಬಿದಿರು ಕಡ್ಡಿಯ ಕಟ್ಟು ಮತ್ತು ಇದ್ದಿಲ ಪುಡಿಗೆ ಅಂಟು ಸೇರಿಸಿದ ಕರೀ ಹಿಟ್ಟು. ಅದಕ್ಕೆ ನೀರು ಹಾಕಿ ನಾದಿ, ಮಣೆಯ ಮೇಲೆ ಕಡ್ಡಿಗೆ ಸುತ್ತಿ ಸುತ್ತಿ ಹೊಸೆದು ಒಣಗಿಸಿ ಕೊಡಬೇಕು. ಪರಿಮಳ ಸೇರುವ ಮೊದಲೇ ಅವು ನಮ್ಮ ಮನೆ ಬಿಟ್ಟು ಹೋಗುತ್ತಿದ್ದವು. ನಮ್ಮಲ್ಲಿ ಉಳಿಯುತ್ತಿದ್ದದ್ದು ಮಸಿಯೊಂದೇ. ನೆಲದ ಮೇಲೆ, ಚೊಂಬಿನ ಮೇಲೆ, ಅಮ್ಮನ ಹಣೆಯ ಮೇಲೆ, ನನ್ನ ನೋಟ್ ಪುಸ್ತಕದ ಅಂಚಿನಲ್ಲಿ.

ಮನೆ ಎಂದೆನಲ್ಲ, ಅದು ಕ್ವಾರ್ಟರ್ಸು. ಜೆ.ಪಿ. ನಗರದ ಅಂಚಿನಲ್ಲಿ ಮೊದಲು ಗುಡಿಸಲುಗಳಿದ್ದ ಜಾಗದಲ್ಲಿ ಸರ್ಕಾರದವರು ಕಟ್ಟಿಸಿಕೊಟ್ಟ ಮೂರಂತಸ್ತಿನ ಸಾಲು. ಒಂದು ಕೋಣೆ, ಅದರ ಹಿಂದೆ ಮೋಟುಗೋಡೆಯ ಮರೆಯಲ್ಲಿ ಅಡುಗೆಯ ಜಾಗ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಕಾರಿಡಾರು. ತೊಂಬತ್ತರ ದಶಕವೆಲ್ಲ ನನಗೆ ಅಲ್ಲಿಯೇ ಕಳೆಯಿತು. ಎರಡು ರಸ್ತೆ ದಾಟಿದರೆ ಕಾರು ನಿಲ್ಲುವ, ಗೇಟಿಗೆ ನಾಯಿ ಇರುವ ಮನೆಗಳು. ಶಾಲೆಯಲ್ಲಿ ಎಲ್ಲಿ ಮನೆ ಎಂದು ಯಾರಾದರೂ ಕೇಳಿದರೆ ನಾನು “ಜೆ.ಪಿ. ನಗರ” ಎಂದಷ್ಟೇ ಹೇಳಿ ಮಾತು ಬದಲಾಯಿಸುತ್ತಿದ್ದೆ. ಸುಳ್ಳೇನಲ್ಲವಲ್ಲ.

ಆ ಕ್ವಾರ್ಟರ್ಸಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಗಾಳಿ ಬೆಳಕು ಒಳಗೆ ಬರಲು ಇದ್ದದ್ದು ಅದೊಂದೇ ದಾರಿ. ಬೆಳಿಗ್ಗೆ ತೆಗೆದ ಬಾಗಿಲು ಊಟ ಮುಗಿಸಿ ಮಲಗುವಾಗಲೇ ಮುಚ್ಚುತ್ತಿತ್ತು. ಮಧ್ಯದಲ್ಲಿ ಯಾವುದಾದರೂ ಬಾಗಿಲು ಹಾಕಿದ್ದರೆ ಅದಕ್ಕೆ ಎರಡೇ ಅರ್ಥ. ಒಂದೋ ಮನೆಯವರು ಊರಿಗೆ ಹೋಗಿದ್ದಾರೆ, ಇಲ್ಲವೇ ಒಳಗೆ ಯಾರಿಗೋ ಏಟು ಬೀಳುತ್ತಿದೆ. ಕಾರಿಡಾರಿನಲ್ಲಿ ಆಡುವ ಮಕ್ಕಳಿಗೂ ಇದು ಗೊತ್ತಿತ್ತು. ಮುಚ್ಚಿದ ಬಾಗಿಲ ಮುಂದೆ ಬಂದಾಗ ನಾವು ಕೂಗಾಟ ನಿಲ್ಲಿಸಿ, ಚೆಂಡನ್ನು ಕೈಗೆತ್ತಿಕೊಂಡು ದಾಟುತ್ತಿದ್ದೆವು.

ಇನ್ನು ಹೆಂಗಸರಿಗೆ ಅವರದೇ ಒಂದು ಪದ್ಧತಿ ಇತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಬಾಗಿಲು ಹಾಕಿದ್ದು ಕಂಡರೆ ಅಕ್ಕಪಕ್ಕದವಳೊಬ್ಬಳು ಕೈಯಲ್ಲಿ ಲೋಟ ಹಿಡಿದು ಹೋಗಿ ಬಾಗಿಲು ತಟ್ಟಬೇಕು. “ಒಂಚೂರು ಹೆಪ್ಪು ಇದ್ರೆ ಕೊಡಮ್ಮ” ಎನ್ನಬೇಕು. ಜಗಳ ಬಿಡಿಸಲು ಬಂದೆ ಎನ್ನುವಂತಿಲ್ಲ, ಏನಾಯಿತು ಎಂದು ಕೇಳುವಂತಿಲ್ಲ, ಒಳಗೆ ಇಣುಕುವಂತಿಲ್ಲ. ಬರೀ ಹೆಪ್ಪು. ಇದರ ಜಾಣತನ ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ. ಗಂಡಸರು ಕೈ ಎತ್ತುತ್ತಿದ್ದದ್ದು ಸಾಮಾನ್ಯವಾಗಿ ಕೆಲಸದಿಂದ ಬಂದ ಮೇಲೆ, ಮುಸ್ಸಂಜೆಯಲ್ಲಿ. ದೀಪ ಹಚ್ಚಿದ ಮೇಲೆ ಮನೆಯಿಂದ ಹಾಲು, ಮೊಸರು, ಉಪ್ಪು ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ. ಕೊಡಬಾರದ ಹೊತ್ತಿನಲ್ಲಿ ಕೊಡಬಾರದ್ದನ್ನೇ ಕೇಳಿದರೆ ಒಳಗಿನವಳು ಬಾಗಿಲಿಗೆ ಬಂದು ಇಲ್ಲ ಎನ್ನಬೇಕಾಗುತ್ತದೆ. ಇಲ್ಲ ಎನ್ನುವುದಕ್ಕೆ ಕೊಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬೇಜಾರು ಮಾಡ್ಕೋಬೇಡಿ ಅನ್ನಬೇಕು, ಅಯ್ಯೋ ಪರವಾಗಿಲ್ಲ ಅನ್ನಿಸಿಕೊಳ್ಳಬೇಕು. ಅಷ್ಟರಲ್ಲಿ ಎತ್ತಿದ ಕೈ ಇಳಿದಿರುತ್ತದೆ.

ನಮ್ಮ ಮನೆಗೆ ಹೆಪ್ಪು ಕೇಳಲು ಬರುತ್ತಿದ್ದವರು ಎದುರುಮನೆಯ ಕನ್ನಿಯಮ್ಮ ಆಂಟಿ. ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ, ಗಂಡನಿಲ್ಲ, ದೊಡ್ಡ ಮೂಗುತಿ, ತಮಿಳು ಬೆರೆತ ಕನ್ನಡ. ನನಗೆ ಚಿಕ್ಕಂದಿನಲ್ಲಿ ಒಂದು ವಿಷಯ ಬಗೆಹರಿಯುತ್ತಿರಲಿಲ್ಲ. ಅವರ ಮನೆಗೆ ಹಾಲೇ ಬರುತ್ತಿರಲಿಲ್ಲ. ಅವರು ಕುಡಿಯುತ್ತಿದ್ದದ್ದು ಕಡುಗಪ್ಪು ಟೀ. ಹಾಲಿಲ್ಲದವರಿಗೆ ಹೆಪ್ಪು ಯಾತಕ್ಕೆ? ಒಂದು ಸಲ ಅಮ್ಮನನ್ನು ಕೇಳಿಯೂಬಿಟ್ಟೆ. “ತಲೆಹರಟೆ ಮಾಡ್ಬೇಡ” ಎಂದಳು.

ಅಪ್ಪ ಹೆಂಡ ಕುಡಿದು ಬಂದು ಹೊಡೆಯುತ್ತಿದ್ದ ಎಂದು ನೀವು ಈಗಾಗಲೇ ಊಹಿಸಿರಬಹುದು. ಇಲ್ಲ. ನಮ್ಮಪ್ಪ ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಬೀಡಿ ಇಲ್ಲ, ಇಸ್ಪೀಟಿಲ್ಲ, ಶನಿವಾರ ಒಪ್ಪೊತ್ತು. ಒಂದು ಖಾಸಗಿ ಆಫೀಸಿನಲ್ಲಿ ಅಟೆಂಡರ್ ಆಗಿದ್ದ, ಗರಿಗರಿ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಹೊರಟರೆ ಅವನೇ ಆಫೀಸರ್ ಎನ್ನಬೇಕು, ಹಾಗಿರುತ್ತಿದ್ದ. “ನಿನ್ ಗಂಡ ಚಿನ್ನ ಕಣಮ್ಮ, ಕುಡಿಯಲ್ಲ ಗಿಡಿಯಲ್ಲ” ಎಂದು ಬೇರೆ ಅಂತಸ್ತಿನ ಹೆಂಗಸರು ಅಮ್ಮನಿಗೆ ಹೇಳುತ್ತಿದ್ದರು. ಕುಡಿದು ಹೊಡೆಯುವವನಿಗೆ ಮರುದಿನ ನಾಚಿಕೆಯಾದರೂ ಆಗುತ್ತದೆ. ನಮ್ಮಪ್ಪ ಎಚ್ಚರದಲ್ಲಿದ್ದು, ಅಂಗಿ ಬಿಚ್ಚಿ ಹ್ಯಾಂಗರಿಗೆ ಹಾಕಿ, ತೋಳಿಲ್ಲದ ಬನಿಯನ್ನಿನಲ್ಲಿ ಹೊಡೆಯುತ್ತಿದ್ದ. ದಿನವಿಡೀ ಎಸ್ ಸಾರ್, ಎಸ್ ಸಾರ್ ಎಂದು ಬಂದವನಿಗೆ ಮನೆಯಲ್ಲಿ ಎಲ್ಲಾದರೂ ಮಸಿ ಕಂಡರೆ ಸಾಕಿತ್ತು. ಹೊಸೆಯದಿದ್ದರೆ ಮನೆ ನಡೆಯುವುದಿಲ್ಲ, ಹೊಸೆದರೆ ಮಸಿಯಾಗದೆ ಇರುವುದಿಲ್ಲ. ಅಮ್ಮ ದಿನಾ ಸಂಜೆ ಅವನು ಬರುವ ಮೊದಲು ಮೊಣಕಾಲೂರಿ ನೆಲ ಉಜ್ಜುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪ ಎಂದರೆ ಬಹುವಚನ ಹಚ್ಚಬೇಕು ಎಂದು ಮಕ್ಕಳಿಗೆ ಕಲಿಸುವವಳು ನಾನೇ. ಆದರೆ ನನ್ನ ಕೈಯಿಂದ ಅದು ಆಗುವುದಿಲ್ಲ, ಬೇಡ ಬಿಡಿ.

ಕನ್ನಿಯಮ್ಮ ಆಂಟಿ ಬಾಗಿಲು ತಟ್ಟಿದ ದಿನ ಅಮ್ಮನಿಗೆ ಬೀಳುವುದು ಅಲ್ಲಿಗೆ ನಿಲ್ಲುತ್ತಿತ್ತು. ಆಮೇಲೆ ಕೆಲವು ಸಲ ನನ್ನ ಪಾಳಿ. “ನೀನೇ ತಾನೆ ಸನ್ನೆ ಮಾಡಿ ಕರ್ದಿದ್ದು?” ಎನ್ನುತ್ತಿದ್ದ. ಬಿಳೀ ಅಂಗಿ ತೂಗುಹಾಕುವ ತಂತಿಯ ಹ್ಯಾಂಗರು ಅವನ ಕೈಗೆ ಹತ್ತಿರವಿರುತ್ತಿತ್ತು. ಅದನ್ನು ಹೆಚ್ಚು ಬರೆಯಲಾರೆ. ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಅದು ನಿಂತಿತು. ನಾನು ಬೆಳೆದೆ, ದೊಡ್ಡ ಹುಡುಗಿಗೆ ಹೊಡೆಯಬಾರದು ಎಂದು ಅಪ್ಪನಿಗೇ ಅನಿಸಿರಬೇಕು ಎಂದುಕೊಂಡು ಒಳಗೊಳಗೇ ಬೀಗಿದ್ದೆ.

ಸುಮಾರು ಆಗಲೇ ಇನ್ನೊಂದು ಬದಲಾವಣೆಯೂ ಆಯಿತು. ನಮ್ಮ ಮನೆಯ ಬಾಗಿಲು ಮುಚ್ಚುವುದು ನಿಂತಿತು. ಅಪ್ಪ ಆಫೀಸಿನಿಂದ ಬಂದ ಮೇಲೂ ಅದು ಹಾರು ಹೊಡೆದುಕೊಂಡೇ ಇರುತ್ತಿತ್ತು. ರೇಡಿಯೋ ಹಚ್ಚಿರುತ್ತಿತ್ತು. ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ, “ಇಲ್ಲೇ ಕೂತ್ಕೊಂಡು ಜೋರಾಗ್ ಓದು, ಬೆಳಕಿದೆ” ಎನ್ನುತ್ತಿದ್ದ. ಕಾರಿಡಾರಿನಲ್ಲಿ ಹೋಗುವವರಿಗೆ ಏನು ಕಾಣಬೇಕು? ಕ್ಯಾಲೆಂಡರು, ಹಾಡುವ ರೇಡಿಯೋ, ಪಾಠ ಓದುವ ಮಗಳು, ಹ್ಯಾಂಗರಿನಲ್ಲಿ ಬಿಳೀ ಅಂಗಿ. ಮೋಟುಗೋಡೆಯ ಹಿಂದೆ ಏನು ನಡೆಯುತ್ತಿದೆ ಎಂಬುದು ಬಾಗಿಲಿಂದ ಕಾಣುತ್ತಿರಲಿಲ್ಲ. ಅಲ್ಲಿ ಅಮ್ಮ ಸೆರಗಿನ ತುದಿಯನ್ನು ತಾನೇ ಬಾಯಿಗೆ ತುರುಕಿಕೊಂಡಿರುತ್ತಿದ್ದಳು. ನಾನು ಓದುತ್ತಿದ್ದೆ. ದಕ್ಷಿಣ ಭಾರತದ ನದಿಗಳು, ಅವುಗಳ ಉಗಮ, ಉಪನದಿಗಳು. ಒಳಗಿನ ಸದ್ದು ಜೋರಾದ ಹಾಗೆ ನನ್ನ ದನಿಯೂ ಜೋರಾಗುತ್ತಿತ್ತು. ಇವತ್ತಿಗೂ ನನಗೆ ಪ್ರಾರ್ಥನಾ ಸಭೆಯಲ್ಲಿ ಮೈಕು ಬೇಕಾಗಿಲ್ಲ. “ಏನ್ ಮೇಡಂ ನಿಮ್ ವಾಯ್ಸು!” ಎಂದು ಹೊಸ ಟೀಚರುಗಳು ಹೊಗಳುತ್ತಾರೆ. ನಾನು ನಗುತ್ತೇನೆ. ಎಲ್ಲಿ ಕಲಿತಿರಿ ಎಂದು ಇನ್ನೂ ಯಾರೂ ಕೇಳಿಲ್ಲ.

ಹೆಂಗಸರು ಮೋಸ ಹೋದರು. ಬಾಗಿಲನ್ನು ಓದಲು ಬಲ್ಲವರೇ ಬಾಗಿಲನ್ನು ನಂಬಿ ಮೋಸ ಹೋದರು. ಒಂದು ದಿನ ನಲ್ಲಿಯ ಹತ್ತಿರ ಕನ್ನಿಯಮ್ಮ ಆಂಟಿ ನನ್ನ ಗಲ್ಲ ಹಿಡಿದು, “ನಿಮ್ಮಪ್ಪ ಈಗ ಒಳ್ಳೇವ್ನಾಗ್ಬಿಟ್ಟ, ಅಲ್ವಾ ಕಣ್ಣು? ಬಾಗ್ಲೇ ಹಾಕಲ್ಲ. ಎಲ್ಲಾ ಆ ಮಾರಿಯಮ್ಮನ ಪುಣ್ಯ” ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಕೊಡಪಾನ ತುಂಬಿ ಹರಿಯುತ್ತಿತ್ತು, ಅದನ್ನೆತ್ತಿಕೊಂಡು ಬಂದೆ. ಅದೇ ಮಳೆಗಾಲದಲ್ಲಿ ಅಮ್ಮನ ಎಡಗಿವಿ ಹೋಯಿತು. ಜ್ವರ ಬಂದು ಕಿವುಡಾಯಿತು ಎಂದು ಅಮ್ಮ ಎಲ್ಲರಿಗೂ ಹೇಳಿದಳು, ಎಲ್ಲರೂ ನಂಬಿದರು.

ಆಮೇಲೆ ಆ ಸಂಜೆ. ಮಾರನೆಯ ದಿನ ಅಪ್ಪನ ಆಫೀಸಿನಲ್ಲಿ ಯಾರೋ ದೊಡ್ಡವರು ಬರುವವರಿದ್ದರು. ಹೊಸ ಅಂಗಿ ಇಸ್ತ್ರಿಯಾಗಿ ಬಂದಿತ್ತು. ಅದರ ಕಾಲರಿನ ಮೇಲೆ ಒಂದು ಬೆರಳ ಗುರುತು. ಕರೀದು. ಅಮ್ಮ ಎಷ್ಟೇ ಕೈ ತೊಳೆದುಕೊಂಡರೂ ಉಗುರ ಸಂದಿಯಲ್ಲಿ ಮಸಿ ಉಳಿಯುತ್ತಿತ್ತು. ಅಪ್ಪ ಆ ಗುರುತು ನೋಡಿದ. ರೇಡಿಯೋ ದೊಡ್ಡದು ಮಾಡಿ ಮೋಟುಗೋಡೆಯ ಹಿಂದೆ ಹೋದ. ನಾನು ಹೊಸ್ತಿಲ ಮೇಲೆ ಕಾರಿಡಾರಿಗೆ ಕಾಲು ಚಾಚಿ ಕೂತಿದ್ದೆ. ಓದತೊಡಗಿದೆ. ಗೋಡೆಗೆ ಏನೋ ಬಡಿಯಿತು. ಮತ್ತೆ ಬಡಿಯಿತು. ಅದು ತಲೆಯ ಸದ್ದು ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಕನ್ನಿಯಮ್ಮ ಆಂಟಿ ಕೆಲಸ ಮುಗಿಸಿ ಬಂದರು. ನಮ್ಮ ತೆರೆದ ಬಾಗಿಲು ನೋಡಿದರು, ನನ್ನನ್ನು ನೋಡಿ ನಕ್ಕರು, “ಓದು ಕಣ್ಣು, ಓದು” ಎಂದು ತಮ್ಮ ಮನೆಯೊಳಗೆ ಹೋದರು.

ಮೋಟುಗೋಡೆಯ ಹಿಂದೆ ಅಮ್ಮನ ಗಂಟಲಿಂದ ಒಂದು ವಿಚಿತ್ರ ಸದ್ದು ಬಂತು. ಅವಳು ಸಾಯುತ್ತಾಳೆ ಎಂದು ನನಗೆ ಅನಿಸಿತು. ಕೂಗಬಹುದಿತ್ತು, ಓಡಿ ಎದುರುಮನೆಗೆ ಹೋಗಬಹುದಿತ್ತು. ಆದರೆ ಮನೆಯ ಮಾತು ಹೊರಗೆ ಆಡಬಾರದು ಎಂಬುದು ನನ್ನ ಮೂಳೆಯಲ್ಲಿ ಕೂತಿತ್ತು. ಆಡದೆಯೇ ಹೇಳುವ ದಾರಿ ಒಂದೇ ಇತ್ತು. ನಾನು ಪುಸ್ತಕ ಕೆಳಗಿಟ್ಟು ಎದ್ದೆ. ಒಳಗೆ ಬಂದು ಬಾಗಿಲನ್ನು ಎರಡು ಕೈಯಿಂದ ತಳ್ಳಿ, ಕಾರಿಡಾರಿಗೆಲ್ಲ ಕೇಳುವ ಹಾಗೆ ಧಡಾರೆಂದು ಹಾಕಿ ಚಿಲಕ ಏರಿಸಿದೆ.

ಅಪ್ಪ ಮೋಟುಗೋಡೆಯ ಆಚೆಯಿಂದ ಈಚೆ ಬಂದ. “ಯಾರೇ ಹಾಕ್ದೋರು?” ಎಂದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವನು ನನ್ನ ಕಡೆ ಬರುತ್ತಿದ್ದ, ಅವನ ಮುಖ ನನಗೆ ನೆನಪಿಲ್ಲ, ಬನಿಯನ್ನು ನೆನಪಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಬಾಗಿಲು ತಟ್ಟಿದ ಸದ್ದಾಯಿತು.

“ಒಂಚೂರು ಹೆಪ್ಪು ಇದ್ರೆ ಕೊಡಮ್ಮ.”

ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದ. ಲೋಟ ಹಿಡಿದು ಕನ್ನಿಯಮ್ಮ ಆಂಟಿ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ನಲ್ಲಿಯ ಹತ್ತಿರ ಹೇಳಿದ ಮಾತು ಅವರಿಗೂ ನೆನಪಾಗಿರಬೇಕು.

“ದೀಪ ಹಚ್ಚಾಯ್ತು. ನಾಳೆ ಬನ್ನಿ” ಎಂದ ಅಪ್ಪ, ತುಂಬ ಮರ್ಯಾದೆಯಿಂದ.

“ಪರ್ವಾಗಿಲ್ಲಣ್ಣ. ದೀಪ ಆರೋವರ್ಗೂ ಇಲ್ಲೇ ಕೂತಿರ್ತೀನಿ” ಎಂದು ಅವರು ನಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟರು. ಪದ್ಧತಿಯಲ್ಲಿ ಇಲ್ಲದ ಮಾತು ಅದು. ಪಕ್ಕದ ಮನೆಯವಳೂ ಲೋಟ ಹಿಡಿದು ಬಂದಳು. ಅದರಾಚೆಯವಳೂ ಬಂದಳು. ಕಾರಿಡಾರಿನಲ್ಲಿ ಎಲ್ಲರೂ ಖಾಲಿ ಲೋಟ ಮಡಿಲಲ್ಲಿಟ್ಟುಕೊಂಡು ಕೂತರು.

ಆಗ ಅಮ್ಮ ಈಚೆ ಬಂದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅಷ್ಟು ಜನರ ಎದುರಿಗೆ ನೆಟ್ಟಗೆ ನನ್ನ ಹತ್ತಿರ ಬಂದು, ಕೆನ್ನೆಗೆ ಒಂದು ಬಿಟ್ಟಳು. ಕಿವಿ ಗುಯ್ ಎಂದಿತು. ಅಪ್ಪ ಹೆಂಗಸರ ಕಡೆ ತಿರುಗಿ, “ನೋಡಿದ್ರಾ? ಮಗೂಗೆ ಹೊಡ್ಯೋಳು ಅವ್ಳು. ನೀವು ನನ್ನ ಹೇಳ್ತೀರ” ಎಂದ.

ಅಮ್ಮ ನನ್ನ ಮೇಲೆ ಕೈ ಮಾಡಿದ್ದು ಬದುಕಿನಲ್ಲಿ ಅದೊಂದೇ ಸಲ.

ಅವತ್ತಿನಿಂದ ಎಲ್ಲವೂ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಹಾಗೇನೂ ಆಗಲಿಲ್ಲ. ಬಾಗಿಲು ತೆರೆದಿರಲಿ, ಮುಚ್ಚಿರಲಿ, ಹೆಂಗಸರು ಮುಸ್ಸಂಜೆಯಲ್ಲಿ ನಮ್ಮ ಮನೆ ಮುಂದೆ ಸೊಪ್ಪು ಸೋಸುತ್ತಾ, ಹೂ ಕಟ್ಟುತ್ತಾ ಕೂರತೊಡಗಿದರು, ಏಟು ಕಮ್ಮಿಯಾಯಿತು. ನಿಲ್ಲಲಿಲ್ಲ. ಎರಡು ಸಾವಿರದ ಆಚೆ ನನಗೆ ಕೆಲಸ ಸಿಕ್ಕಿತು, ಅದೇ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಎತ್ತುತ್ತಿದ್ದ ಕೈಯೇ ಬಿದ್ದುಹೋಯಿತು. ಅಮ್ಮ ಅವನಿಗೆ ಅನ್ನ ಕಲಸಿ ತಿನ್ನಿಸಿದಳು, ಬಿಳೀ ಅಂಗಿ ತೊಡಿಸಿದಳು. ಅವನು ಸತ್ತಾಗ ನಾನು ಅಳಲಿಲ್ಲ. ಅದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಈಗ ಅಮ್ಮ ನನ್ನ ಜೊತೆ ಬಿ.ಟಿ.ಎಂ.ನ ಬಾಡಿಗೆ ಮನೆಯಲ್ಲಿದ್ದಾಳೆ. ಬಾಗಿಲು ಹಾಕಿದ ಕತೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ನಾನೇ ನಾಯಕಿ. ಕೊನೆಯಲ್ಲಿ, “ಅಷ್ಟು ಮಾಡಿದ್ದಕ್ಕೆ ನಮ್ಮಮ್ಮ ಕೊಟ್ಟ ಬಹುಮಾನ ಏನು ಗೊತ್ತಾ? ಒಂದು ಕಪಾಳಮೋಕ್ಷ!” ಎಂದು ನಗಿಸುವುದೂ ಉಂಟು. ನಗಿಸುತ್ತಿದ್ದೆ, ಆದರೆ ಆ ಏಟನ್ನು ಒಳಗೆ ಒಂದು ಮುಳ್ಳಿನ ಹಾಗೆ ಇಟ್ಟುಕೊಂಡಿದ್ದೆ. ಅಮ್ಮನಿಗೆ ನನಗಿಂತ ಮರ್ಯಾದೆ ದೊಡ್ಡದಾಯಿತು ಎಂದೇ ನನ್ನ ಲೆಕ್ಕ.

ಮೊನ್ನೆ ಬಸ್ಸು ತಪ್ಪಿಸಿಕೊಂಡು ತಡವಾಗಿ ಮನೆಗೆ ಬಂದಾಗ ಅಮ್ಮ ಕೆಳಗೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಬಲಗಡೆಗೆ ಹೋಗಿ ಕೂತೆ. ಒದ್ದೆ ಇದ್ದಿಲಿನ ವಾಸನೆಯ ವಿಷಯ ಹೇಳಿದೆ. ಅವಳು ನಕ್ಕಳು. ಮಾತಿಗೆ ಮಾತು ಬಂದು, ಇಷ್ಟು ವರ್ಷ ಅವಳನ್ನೇ ಕೇಳದಿದ್ದದ್ದನ್ನು ಕೇಳಿಬಿಟ್ಟೆ.

“ಅವತ್ತು ಬಾಗಿಲು ಹಾಕಿದ್ದಕ್ಕೆ ಹೊಡೆದ್ಯಲ್ಲಮ್ಮ. ಅಷ್ಟೊಂದು ಮಾನ ಹೋಯ್ತಾ ನಿಂಗೆ?”

ಅಮ್ಮ ಸೊಪ್ಪು ಬಿಡಿಸುತ್ತಲೇ ಹೇಳಿದಳು: “ಬಾಗ್ಲು ತೆಗೆದಿಡೋದು ಅವ್ನ ಐಡಿಯಾ ಅಂದ್ಕೊಂಡಿದ್ಯಾ? ನಂದು. ಕನ್ನಿಯಮ್ಮಕ್ಕ ಬಂದ್ಹೋದ್ಮೇಲೆ ಅವ್ನು ನಿನ್ ಕಡೆ ತಿರುಗ್ತಿದ್ನಲ್ಲ. ನಾನೇ ಕಾಲು ಹಿಡ್ಕೊಂಡು ಹೇಳ್ದೆ. ಬಾಗ್ಲು ತೆಗೆದಿಡಿ, ಯಾರೂ ಬರಲ್ಲ. ನಾನು ಉಸಿರೂ ಎತ್ತಲ್ಲ. ಮಗೂನ ಮಾತ್ರ ಮುಟ್ಬೇಡಿ ಅಂತ. ಒಪ್ಕೊಂಡ.”

ನಾನು ಬೆಳೆದಿದ್ದಕ್ಕೆ ಏಟು ನಿಂತದ್ದಲ್ಲ. ಅಮ್ಮ ಅದನ್ನು ತನ್ನ ಮೈಮೇಲೆ ಎಳೆದುಕೊಂಡದ್ದು. ಆ ಕಿವಿ ಹೋದದ್ದು ನನ್ನ ಪಾಲಿನ ಏಟಿಗೆ.

“ಹಾಗಾದ್ರೆ ನಾನು ಬಾಗಿಲು ಹಾಕಿ ಎಲ್ಲಾ ಕೆಡಿಸಿದೆ ಅಂತ ಹೊಡೆದ್ಯಾ?”

“ಬಾಗ್ಲು ಹಾಕ್ದೆ ಅಂತ ಯಾರೇ ಹೊಡೆದ್ರು?” ಅಮ್ಮನಿಗೆ ಈಗಲೂ ಸಿಟ್ಟಿತ್ತು. “ಹೊಸ್ತಿಲ ಮೇಲಿದ್ದೆ ನೀನು. ಕಾಲು ಆಗ್ಲೇ ಹೊರಗಿತ್ತು. ಆಚೆ ನಿಂತ್ಕೊಂಡು ಬಾಗ್ಲು ಎಳ್ಕೊಂಡಿದ್ರೆ ಆಗ್ತಿರ್ಲಿಲ್ವಾ? ಅಂಥೋನ್ ಜೊತೆ ಒಳಗ್ ಬಂದು ಚಿಲ್ಕ ಹಾಕ್ಕೊಂಡ್ಯಲ್ಲೇ. ಏನಾದ್ರೂ ಆಗಿದ್ರೆ?”

ಎಷ್ಟೋ ಸಲ ಹೇಳಿದ ಕತೆಯಲ್ಲಿ, ನಾಯಕಿಯಾಗಿ ಮೆರೆದ ನನಗೆ, ಬಾಗಿಲಿಗೆ ಹೊರಗಿನ ಕಡೆಯೂ ಒಂದಿದೆ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಉತ್ತರ ಹುಡುಕಿದೆ. ಇದ್ದದ್ದು ಒಂದೇ.

“ಹೊಳೀಲೇ ಇಲ್ಲಮ್ಮ” ಎಂದೆ. “ನೀನು ಒಳಗಿದ್ಯಲ್ಲ.”

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಆಮೇಲೆ ಅವಳು ಬಾಯಿ ತೆರೆದು, ದೊಡ್ಡ ದನಿಯಲ್ಲಿ ಅತ್ತಳು. ಅಮ್ಮ ಸದ್ದು ಮಾಡಿ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.